ಇಪ್ಪತ್ತು ಮೈಕ್ರಾನ್

ಹೆಬ್ಬಾಳ ಕೈಗಾರಿಕಾ ಬಡಾವಣೆ, ನಾಲ್ಕನೇ ಶೆಡ್ಡು.
ಇಲ್ಲಿಂದ ಎಷ್ಟು ಅವಸರಪಟ್ಟರೂ
ಕಡಲು ಒಂದು ರಾತ್ರಿಯ ಬಸ್ಸಿನಷ್ಟು ದೂರ.
ಕಂಡವಳಲ್ಲ ನಾನು, ಕಡೆಯುವವಳು.
ಕಂಚಿನ ಬಳೆ ಕಡೆಯುತ್ತೇನೆ,
ಕೈಗೆ ತೊಡುವುದಲ್ಲ;
ಹಡಗಿನ ಹೊಟ್ಟೆಯೊಳಗೆ
ಉಪ್ಪುನೀರಿಗೆ "ಇಲ್ಲಿಗೇ ನಿಲ್ಲು" ಅನ್ನುವ
ಕವಾಟದ ಕತ್ತಿನ ಬಳೆ.
ನಕ್ಷೆಯಲ್ಲಿ ಹಡಗಿನ ಹೆಸರಿಲ್ಲ,
ಹನ್ನೊಂದು ಅಂಕಿಯ ಒಂದು ಸಂಖ್ಯೆ,
ಮೂಲೆಯಲ್ಲಿ: ಹೆಚ್ಚುಕಡಿಮೆ ಇಪ್ಪತ್ತು ಮೈಕ್ರಾನ್.
ತಲೆಗೂದಲನ್ನು ಉದ್ದಕ್ಕೆ ಮೂರೋ ನಾಲ್ಕೋ ಸೀಳಿದರೆ
ಅದರಲ್ಲೊಂದು ಸೀಳು.
ಅಷ್ಟೇ ತಪ್ಪಬಹುದು ನಾನು.
ಗಂಡನ ಮನೆಯಲ್ಲೂ
ಇಷ್ಟು ಕಡಿಮೆ ರಿಯಾಯಿತಿ ಇರಲಿಲ್ಲ.

ಆಯುಧಪೂಜೆಯ ದಿನ ಗೇಟು ತೆರೆದು ಮನೆಯವರನ್ನು ಬಿಡುತ್ತಾರೆ.
ಯಂತ್ರಕ್ಕೆ ಚೆಂಡುಹೂ, ಪರದೆಯ ಅಂಚಿಗೆ ಕುಂಕುಮ.
ನಿಂಬೆಹಣ್ಣು ಇಡೋಣವೆಂದರೆ ಚಕ್ರವೇ ಇಲ್ಲ;
ಮೇಸ್ತ್ರಿ ಸಾಬ್ಜಾನ್ ಒಂದು ಗಳಿಗೆ ಯೋಚಿಸಿ
ಜಾರುಬಾಗಿಲ ಸಂದಿಗಿಟ್ಟು ಎಳೆದು ಹಿಂಡಿದರು.
ಪಾಲಹಳ್ಳಿಯಿಂದ ಮೊಗಣ್ಣಾಚಾರ್ ದೊಡ್ಡಪ್ಪ ಬಂದಿದ್ದರು,
ಎಂಬತ್ತೆಂಟು,
ಎರಡೂ ಕಿವಿ ಬಾಯ್ಲರಿಗೆ ಕೊಟ್ಟು ಬಂದವರು.

ನಮ್ಮೂರ ಹೆಸರಿನ ಹಡಗಲ್ಲಿ ಬೆಂಕಿ ಕಾದವರು.
ಇಂಗ್ಲಿಷರು ಒಂದು ಯುದ್ಧ ಮುಗಿಸಿ ಮಾರಿದ ಹಡಗು,
ಹಳೆ ಹೆಸರು ಕಳಚಿ ಮೈಸೂರು ಎಂದಿಟ್ಟದ್ದು.
"ಮದ್ವೆಯಾಗಿ ಬಂದ ಹೆಣ್ಣಿನಂಗೆ," ಅನ್ನುತ್ತಿದ್ದರು,
"ಹೆಸರು ನಮ್ದು, ಅಡುಗೆ ರೀತಿ ತವರಿಂದು.
ಒಂದೊಂದು ತಿರುಪಿನ ಮ್ಯಾಲೂ ಅವರೂರು.
ಒಂದು ವಾಷರ್ ಹೋದ್ರೆ ಅಲ್ಲಿಗೇ ಕಾಗ್ದ ಬರೀಬೇಕು,
ಎಂಟು ತಿಂಗಳು ಕಾಯ್ಬೇಕು;
ಅಲ್ಲೀಗಂಟ ಹಗ್ಗ, ಸಫೇದು, ದೇವ್ರು."
ಹಡಗಿನ ಲಾಂಛನ ಗಂಡಭೇರುಂಡ.
ಯಾವುದೋ ಬಂದರಿನಲ್ಲಿ ಮಕ್ಕಳು ಕೇಳಿದರಂತೆ,
ಎರಡು ತಲೆಯ ಹಕ್ಕಿ ಏನು ತಿನ್ನುತ್ತದೆ ಎಂದು.
ನಮ್ಮೂರಲ್ಲಿ ಬಸ್ಸಿನ ಮೇಲೆ ಕೂತು
ಟಿಕೇಟು ತಿನ್ನುತ್ತದೆ, ಅಂದರಂತೆ.

ಕಡೆಗೆ ಆ ಹಡಗನ್ನು ತೂಕಕ್ಕೆ ಕೊಟ್ಟರು.
ಅದೇ ಹೆಸರಿನ ಇನ್ನೊಂದು ಮುಂಬೈಯಲ್ಲೇ ಹುಟ್ಟಿತು,
ಬಾಯ್ಲರ್ ಇಲ್ಲದ್ದು.
ಪೇಪರಿನ ಚಿತ್ರ ನೋಡಿ ದೊಡ್ಡಪ್ಪ ಕೇಳಿದ್ದು ಒಂದೇ:
"ಹಂಗಾರೆ ಕೆಳಗಡೆ ಯಾರಿರ್ತಾರೆ?"

ಮಂಗಳಾರತಿಯಾದ ಮೇಲೆ
ಬಳೆಯೊಂದನ್ನು ಅವರ ಅಂಗೈಗಿಟ್ಟೆ.
ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಒಳಸುತ್ತು ಸವರಿದರು.
"ಕಳ್ಸು," ಅಂದರು ಜೋರಾಗಿ, ಕಿವುಡರು ಹೇಳುವ ಹಾಗೆ,
"ಹನಿ ನೀರೂ ನುಗ್ಗಾಕಿಲ್ಲ.
ಇದಕ್ಕಿಂತ ಕೆಟ್ಟದ್ದು ಹಾಕ್ಕಂಡು
ಅರ್ಧ ಪ್ರಪಂಚ ಸುತ್ತಿದೀವಿ ನಾವು."
ಗೇಜಿಗೆ ಹಿಡಿದೆ. ಇಪ್ಪತ್ಮೂರು.
ತೋರಿಸಬಾರದಿತ್ತು. ತೋರಿಸಿದೆ.

ಅಂಕಿಯನ್ನು ತುಂಬ ಹೊತ್ತು ನೋಡಿದರು,
ದೂರದ ದೀಪ ನೋಡುವವರ ಹಾಗೆ.
ಆಮೇಲೆ ಅಂಗಿಯ ತೋಳು ಮಡಚಿ
ಅರಳಿಯೆಲೆಯಷ್ಟಗಲ ಸುಟ್ಟ ಕಲೆಯನ್ನು
ಮೊದಲ ಸಲ ನನ್ನ ಹತ್ತಿರ ಹಿಡಿದರು.
"ಇದೂನೂವೆ ಪರವಾಗಿಲ್ಲ ಹಾಕು ಅಂದಿದ್ದೇ.
ನಾನೇ ಅಂದಿದ್ದು.
ಪಕ್ಕದಲ್ಲಿ ತಂಗಸಾಮಿ ಇದ್ದ, ತೂತುಕುಡಿಯೋನು..."
ಮುಂದಿನದು ಹೇಳಲಿಲ್ಲ.
ಯಾರೋ ಬೂಂದಿ ಪೊಟ್ಟಣ ತಂದುಕೊಟ್ಟರು.

ರದ್ದಾದ ಬಳೆಯನ್ನು ಕತ್ತರಿಸಬೇಕು, ನಿಯಮ.
ಪೂಜೆಯ ದಿನ ಆಯುಧ ಮುಟ್ಟುವ ಹಾಗಿಲ್ಲ; ಎತ್ತಿಟ್ಟೆ.
ರಜೆ ಕಳೆದು ಗರಗಸಕ್ಕೆ ಹಿಡಿದಾಗ
ಬಾಡಿದ ಚೆಂಡುಹೂವಿನ ಮೇಲೆ
ಕಂಚಿನ ಪುಡಿ ಉದುರಿತು.
ಹೊಸ ಕಂಬಿ ಸಿಕ್ಕಿಸಿ ಬಾಗಿಲು ಎಳೆದೆ.
ಕೆಳಗಡೆ ಯಾರಿರುತ್ತಾರೋ ನನಗೂ ಗೊತ್ತಿಲ್ಲ.
ಹದಿನೇಳು. ಹದಿನಾಲ್ಕು. ಹತ್ತೊಂಬತ್ತು.
ಇದನ್ನು ಇನ್ನೊಮ್ಮೆ ಅಳೆಯಬೇಕು.