ಹೊಳಿಗೆ ಉಸುಕು

ಯಾದಗಿರಿ ಸೇತುವಿ ದಾಟಿ, ಭೀಮಾ ಹೊಳಿ ತಳದಾಗ
ಹಳೇ ನಾವಿಯ ಪಕ್ಕೆಲುಬು.
ಕಡಲಾಗಿದ್ರ ಹುಳ ಕೊರದು
ಜರಡಿ ಮಾಡತಿತ್ತು, ಅಂದರು ಮೇಡಂ.
ಸಿಹಿನೀರಿಗೆ ಆ ಹುಳ ಬರಂಗಿಲ್ಲಂತ.

ನಾ ಸುಮ್ಮನಾದೆ.
ಹ್ವಾದ ವರ್ಷ ಇದೇ ಮಡುವಿನ ಉಸುಕು
ಟ್ರ್ಯಾಕ್ಟರಿಗೆ ಹನ್ನೆರಡು ನೂರರಂಗ
ಮಾರಿದಾಂವ ನಾನೇ.

ಮ್ಯಾಲೆತ್ತಿ ಮಂದಿಗೆ ತೋರಸೂಣು, ಅಂತು ಪಂಚಾಯ್ತಿ.
ಬಿಸಲಿಗೆ ಸೀಳತದ, ಅಂದರು ಮೇಡಂ.
ಕತ್ತಲಿ, ಕೆಸರು, ಗಾಳಿ ಸುಳಿಯದ ಜಾಗ:
ಅದೇ ಔಷಧ.

ಅರವತ್ತು ಚೀಲ.
ಉಸಿರು ಕಟ್ಟಿ ಒಂದೊಂದೇ ಇಳಸಿದೆ.
ಹಲಗಿ ಸಂದಿನಾಗ ಬೆರಳಿಗೆ ಹತ್ತಿತು
ಯಾರೋ ತುರುಕಿದ ಎಣ್ಣಿ ಅರಿವಿ,
ಇನ್ನೂ ಮೆತ್ತಗ.
ಸ್ವಲ್ಪ ಹೊತ್ತು ಹಿಡಕೊಂಡಿದ್ದೆ.
ಆಮ್ಯಾಲೆ ಅದರ ಮ್ಯಾಲೂ ಒಂದು ಚೀಲ.

ಸಾಬಣ್ಣ, ಎಲ್ಲದನೋ ನಾವಿ? ಅಂತಾರ.
ಕೈ ಚಾಚಿ
ಇಡೀ ಹೊಳಿ ತೋರಸತೀನಿ.