ಬಲದ ತೋಳು

ಐದು ಅಂಗಿ ಗೊಬ್ಬರದ ಚೀಲದಾಗ ತುರುಕಿ
ಎಡಗೈಲೆ ಎತಗೊಂಡು ಬಂದ ದುಂಡಪ್ಪ.
ಹಿಂದ ಲಕ್ಕವ್ವ, ಅವಳ ಲಂಗದ ಚುಂಗು ಹಿಡದು
ಸಣ್ಣಾವ, ಪ್ರಜ್ವಲ.
"ಬಲದ ತೋಳು ಕತ್ತರಿಸಿ ಬಾಯಿ ಹೊಲದಬಿಡು.
ಗಾಳಿಗೆ ಹಾರತೈತಿ,
ಮಂದಿ ಮಾತು ಬಿಟ್ಟು ಅದನ್ನ ನೋಡ್ತಾರ."

ಟೇಪು ಕೊರಳಾಗ, ಸುಮ್ಮನ ನಿಂತೆ.
ನಮ್ಮ ಮಾತಿನಾಗ ಅಂಗಿಗೂ ತೋಳು, ಆಳಿಗೂ ತೋಳು.
ಮೂವತ್ತು ವರ್ಷ ಮಹಾಲಿಂಗಪುರದ ಇದೇ ಕಟ್ಟಿ ಮ್ಯಾಲ
ದಿನಕ್ಕ ಹತ್ತು ತೋಳು ಕತ್ತರಿಸಿದಾಂವ ನಾನು,
ಅವತ್ತು ಕತ್ರಿ ಬಾಯಿ ತೆರೀಲಿಲ್ಲ.

ಗಾಣಕ್ಕ ಕಬ್ಬು ಕೊಡುವಾಗ ಬೆಳಗಿನ ಜಾವದ ಜೊಂಪು.
ಅಷ್ಟ.
ಹಾಲು ಕೆಂಪಾತು.
ಆ ಕೊಪ್ಪರಿಗಿ ಹಂಗ ಕಾಲುವೆಗೆ ಸುರುವಿದರಂತ,
ಮೂರು ದಿನ ಗಾಣ ನಿಂತಿತ್ತು, ನಾಲ್ಕನೇ ದಿನ
ಮತ್ತ ಹೊಗಿ ಕಾಣಿಸ್ತು.

ಆಮ್ಯಾಲ ಮಂದಿ ಕೊಟ್ಟರು. ಕೊಡಲಿಲ್ಲಂತ ಯಾರು ಅಂದಾರು?
ರವದಿ ಒಣಗಿಸುವ ಹೆಣ್ಮಕ್ಕಳು ತಲೀಗೊಂದು ಪೆಂಟಿ ಬೆಲ್ಲ
ತಂದಿಟ್ಟರು; ಅರ್ಧ ಮಾರಿದರು, ಅರ್ಧ ಇರುವಿ ತಿಂದ್ವು.
ಕಂಪೌಂಡರ್ ಇಮಾಮಸಾಬ ಮಂಗಳವಾರಕ್ಕೊಮ್ಮೆ ಸೈಕಲ್ ಮ್ಯಾಲ ಬಂದು
ಪಟ್ಟಿ ಬದಲಿಸಿ, ಚಾ ಬ್ಯಾಡ ಬ್ಯಾಡಂತ ಕುಡದು ಹೋದ.
ಟ್ರಸ್ಟಿನವರು ಬಂದರು, ಬಾಗಲಾದಷ್ಟು ದೊಡ್ಡ ಚೆಕ್ಕು ಹೊತ್ತು.
ಮಕ್ಕಳಿಗೆ ಎರಡೆರಡು ಜೋಡಿ ಸಾಲಿ ಅಂಗಿ
(ಹೊಲದಾಂವ ನಾನ. ಮಜೂರಿ ಪೂರಾ ತಗೊಂಡೀನಿ,
ಸುಳ್ಳ್ಯಾಕ ಹೇಳ್ಲಿ).
ಫೋಟೋದಾಂವ ಅಂದ: "ಬಲಕ್ಕ ತಿರುಗ್ರಿ,
ಖಾಲಿ ತೋಳು ಕಾಣಲಿ."
ದುಂಡಪ್ಪ ತಿರುಗಿದ.

ಬೆಲ್ಲದಂಗಡಿ ಗ್ವಾಡಿ ಮ್ಯಾಲ ಆ ಬ್ಯಾನರು ಇನ್ನೂ ಐತಿ.
ಲಕ್ಕವ್ವ ಆ ಓಣಿ ಬಿಟ್ಟು
ಹಳ್ಳ ಸುತ್ತಿ ಸಾಲಿಗೆ ಹೋಗ್ತಾಳ.
ಬೈಬಾರದು. ಮಿರಜಿನ ದವಾಖಾನಿ ಬಾಕಿ ತೀರಿದ್ದು
ಆ ಚೆಕ್ಕಿನಾಗನ.

ಆ ಹುಡುಗಿ ಗಣಿತದ ವಹಿ ಹಿಂದಿನಿಂದ ತೆರದು
ಕೊಟ್ಟವರ ಹೆಸರು ಬರದಿಟ್ಟಾಳ, ಪೆಂಟಿ, ರೂಪಾಯಿ, ಜ್ವಾಳ.
ಅಂಗಡಿ ಕಟ್ಟಿ ಮ್ಯಾಲ ಕುಂತು ಹಾಳಿ ತಿರುವುವಾಗ
ಕಣ್ಣಾಡಿಸಿದೆ.
ನನ್ನ ಹೆಸರಿರಲಿಲ್ಲ.

ಕಡೀಗೆ ಕತ್ರಿ ನಡೀತು. ಒಂದು, ಎರಡು, ಐದು.
ನೀಲಿ ತೋಳೊಂದನ್ನ ಪ್ರಜ್ವಲ ಮೂಗಿಗೆ ಏರಿಸಿ
ಆನಿ ಸೊಂಡಿ ಮಾಡಿ, ಮಷಿನಿನ ಸುತ್ತ ಘೀಳಿಟ್ಟ.
ಲಕ್ಕವ್ವ "ಏ" ಅಂದು ಕೈ ಎತ್ತಿದಳು.
ನಾನು ಉಸಿರು ಹಿಡದೆ.
ಮೊದಲು ನಕ್ಕಾಂವ ದುಂಡಪ್ಪ.

ಮೊದಲನೇ ಅಂಗಿ ತೊಡಿಸಿ ನೋಡಿದೆ.
ಬೀಡಿ ಬೇಕಾಗಿತ್ತು ಅವನಿಗೆ. ಎಡಗೈ
ಎಡಗಡೆ ಎದೀ ಕಿಸೆಕ್ಕ ಹೋಗಾಕ
ಮಡಚಿ, ತಿರುವಿ, ಮೊಳಕೈ ಮ್ಯಾಲೆತ್ತಿ,
ಕೋಳಿ ರೆಕ್ಕಿ ಆಗಿ,
ಸುಸ್ತಾಗಿ ಕೆಳಗ ಬಿತ್ತು.
"ಇರಲಿ ಬಿಡು, ಬೀಡಿ ಬಿಡಬೇಕಂತಿದ್ದೆ" ಅಂದ.

ಮೂವತ್ತು ವರ್ಷ ಎಲ್ಲಾರ ಕಿಸೆ ಎಡಕ್ಕ ಹಚ್ಚೀನಿ,
ಯಾವ ಕೈ ಅಲ್ಲಿಗೆ ಹೋಗತೈತಿ ಅಂತ
ಒಮ್ಮೇನೂ ಕೇಳಿರಲಿಲ್ಲ.

ಪ್ರಜ್ವಲನ ಸೊಂಡಿ ಕಸಗೊಂಡೆ. ಅತ್ತ. ಅಳಲಿ.
ಬಿಚ್ಚಿ, ಮಡಚಿ, ಇಸ್ತ್ರಿ ತಿಕ್ಕಿ
ಆ ತೋಳಿಂದನ ಒಂದು ಕಿಸೆ ಕತ್ತರಿಸಿ
ಬಲಕ್ಕ ಹಚ್ಚಿದೆ. ಐದಕ್ಕೂ.
ಗುಂಡಿ ಕಿತ್ತು ಟಿಚ್ ಗುಂಡಿ ಹಾಕಿದೆ,
ಒಂದ ಕೈಲೆ ಒತ್ತಿದರ ಟಕ್ಕಂತ ಕೂಡಬೇಕು.

ತೊಟ್ಟ. ಎಡಗೈ ಸೀದಾ ಹೋಗಿ ಬಲದ ಕಿಸೆದಾಗ ಇಳೀತು.
ತೆಗೀತು. ಮತ್ತ ಇಳೀತು.
"ಎಷ್ಟಾತು?"
ಬ್ಯಾಡ ಅನ್ನಾಕ ಬಾಯಿ ತೆರದಿದ್ದೆ.
ವಹಿ ಹಿಡದು ಪೆನ್ನಿನ ಟೋಪಿ ತೆಗದಿದ್ದಳು ಲಕ್ಕವ್ವ.

"ನೂರಾ ಐವತ್ತು" ಅಂದೆ.

ಪೆನ್ನಿಗೆ ಟೋಪಿ ಹಾಕಿದಳು.
ದುಂಡಪ್ಪ ಒಂದೊಂದ ನೋಟು ತೆಗದು
ಮಷಿನಿನ ಮ್ಯಾಲ ಇಟ್ಟ: ನೂರಾ ನಲವತ್ತು.
"ಹತ್ತು ಮುರಕೊಂಡೀನಿ.
ಹ್ವಾದ ದೀಪಾವಳೀದು.
ಅವತ್ತ ಜಗಳಾಡಿ ಇಟಗೊಂಡಿದ್ದೆಲ್ಲ."

"ಕಳ್ಳ ನನಮಗನ" ಅಂದೆ,
ಅವನ ಎದುರಿಗೇ
ಎರಡೆರಡು ಸಲ ಎಣಿಸಿ ತಗೊಂಡೆ.