ಹಣ್ಣಿದ್ದ ಜಾಗ

ಮೂವತ್ತೊಂದು ವರ್ಷ ಎಕ್ಸ್-ರೇ ಕೋಣೆಯ ಕತ್ತಲಲ್ಲಿ
ಊರವರ ಎಲುಬು ನೋಡಿದವಳು ನಾನು.
ಕೂದಲೆಳೆಯ ಬಿರುಕು ಡಾಕ್ಟರಿಗೆ ಕಾಣುವ ಮೊದಲೇ
ನನಗೆ ಕಾಣುತ್ತಿತ್ತು.
ಹೇಳುವಂತಿರಲಿಲ್ಲ, ಹೇಳುವುದು ನನ್ನ ಕೆಲಸವಲ್ಲ.
ಉಸಿರು ಹಿಡಿಯಿರಿ, ಬಿಡಿ,
ಅಷ್ಟೇ ನನ್ನ ಮಾತು.

ಈಗ ಅಡಿಗೆಮನೆ ಮೇಜಿನ ಮೇಲೆ ದೀಪ ಓರೆ ಮಾಡಿ
ಸಾವಿರದ ಏಳುನೂರ ತೊಂಬತ್ತನಾಲ್ಕರ
ತಾಮ್ರದ ಸೆಂಟುಗಳನ್ನು ನೋಡುತ್ತೇನೆ.
ಒಂಟೆಗೂದಲ ಬ್ರಷ್ಷು, ಅರೆತೊಟ್ಟು ಎಣ್ಣೆ.
ಬೆರಳು ಅಂಚಿಗೆ ಮಾತ್ರ.

ಆಗ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ
ಅಚ್ಚುಗಳನ್ನು ಕೈಯಲ್ಲೇ ತಿದ್ದುತ್ತಿದ್ದರು,
ಒಂದರ ಹಾಗೆ ಒಂದಿಲ್ಲ.
ಒಂದರಲ್ಲಿ ಸ್ವಾತಂತ್ರ್ಯದೇವಿಯ ಬಿಚ್ಚುಗೂದಲು ಗಾಳಿಗೆ ಸಿಕ್ಕಿದೆ,
ಇನ್ನೊಂದರಲ್ಲಿ ಯಾರೋ ಈಗಷ್ಟೇ ಬಾಚಿ ಕಳಿಸಿದಂತಿದೆ.
ಮತ್ತೊಂದರಲ್ಲಿ ಇಸವಿಯ ಒಂಬತ್ತು ಕೊಂಚ ಜಾರಿದೆ.
ಅವತ್ತು ಕೊರೆದವನ ಮಗುವಿಗೆ ಜ್ವರವಿತ್ತೋ ಏನೋ.

ಅಚ್ಚಿಗೂ ಆಯುಸ್ಸಿದೆ.
ಒಂದೇ ಅಚ್ಚಿನ ಐದು ನಾಣ್ಯ ನನ್ನಲ್ಲಿವೆ, ಸಾಲಾಗಿ ಇಡುತ್ತೇನೆ.
ಮೊದಲನೆಯದರ ಕೆನ್ನೆ ನುಣುಪು.
ಎರಡನೆಯದರಲ್ಲಿ ಅಂಚಿನಿಂದ ಒಂದು ಗೆರೆ, ಇದೆಯೋ ಇಲ್ಲವೋ.
ಆಮೇಲೆ ಅದು ಕುತ್ತಿಗೆಗೆ ಬರುತ್ತದೆ, ತುಟಿಗೆ ಬರುತ್ತದೆ.
ಅಚ್ಚಿನಲ್ಲಿ ಸೀಳಿದ್ದು ನಾಣ್ಯದಲ್ಲಿ ಉಬ್ಬಾಗಿ ಏಳುತ್ತದೆ,
ಮುರಿದು ಕೂಡಿದ ಎಲುಬಿನ ಗಂಟಿನ ಹಾಗೆ.
ಐದನೆಯದರಲ್ಲಿ ಅಂಚಿನ ಅಕ್ಷರ ಎರಡು ಮಾಯ,
ಅಲ್ಲಿ ಬರೀ ಮೊಂಡು ದಿಬ್ಬ.
ಆರನೆಯದನ್ನು ಯಾರೂ ಕಂಡಿಲ್ಲ.

ಕಳೆದ ಅಕ್ಟೋಬರಿನಲ್ಲಿ ಹ್ಯಾನೋವರಿನ ಆಚೆ
ಒಂದು ಕೊಟ್ಟಿಗೆಯ ಹರಾಜು.
ಗುಂಡಿಗಳ ಡಬ್ಬಿಯನ್ನು ಒಂಬತ್ತು ಡಾಲರಿಗೆ ಕೂಗಿದೆ.
ಎಲುಬಿನ ಗುಂಡಿ, ಸೀಸದ ಗುಂಡಿ, ಹೊಲಿಗೆಯ ಬೆರಳಟೋಪಿ,
ತಳದಲ್ಲಿ ಕಪ್ಪಗೆ, ತೂತುಬಿದ್ದು, ಒಂದು ಸೆಂಟು.
ಮುಖ ನೋಡಿದ್ದೇ ಗುರುತಾಯಿತು.
ಈ ಮುಖಕ್ಕೆ ಬೆನ್ನು ಎರಡು ಬಗೆ:
ಒಂದು ಹಾದಿಬೀದಿಯದು,
ಇನ್ನೊಂದು ಲೋಕದಲ್ಲೇ ಏಳೋ ಎಂಟೋ.
ವ್ಯತ್ಯಾಸ ಒಂದೇ, ಎಲೆಹಾರದ ಗಂಟಿನ ಎಡಕ್ಕೆ
ಸಾಸಿವೆಯಷ್ಟು ಹಣ್ಣು ಇದೆಯೋ, ಇಲ್ಲವೋ.
ತಿರುಗಿಸಿದೆ.
ತೂತು ಸರಿಯಾಗಿ ಅಲ್ಲೇ.

ಎಲ್ವುಡ್ ಕ್ರೌಟ್ ನಲವತ್ತು ವರ್ಷ ತಾಮ್ರ ಬಿಟ್ಟು ಬೇರೇನೂ ಮಾರಿದವನಲ್ಲ.
ಲೆನ್ಸನ್ನು ಕಣ್ಣಿಗೊತ್ತಿಕೊಂಡು ಕೂತ,
ಕಾಫಿ ಆರಿಹೋಯಿತು.
"ಡೆಲ್ಫಿನ್, ಹಣ್ಣಿದ್ದರೆ ಇಪ್ಪತ್ತು ಡಾಲರ್.
ಇಲ್ಲದಿದ್ದರೆ, ತೂತಿದ್ದರೂ, ನಿನ್ನ ಮನೆಸಾಲ ತೀರುತ್ತದೆ.
ಎಕ್ಸ್-ರೇ ತೆಗೆದು ನೋಡಬಾರದೇ?"
ತಾನೇ ನಕ್ಕ.
ನಾನೂ ನಕ್ಕೆ, ಆಮೇಲೆ ಕಾರಿನಲ್ಲಿ ನಗಲಿಲ್ಲ.

ತಗಡಿನ ಕಾರ್ಖಾನೆಯ ಹುಡುಗನೊಬ್ಬ ಬಂದಿದ್ದ,
ಪ್ರೆಸ್ಸು ಅವನ ಉಂಗುರಬೆರಳು ತಿಂದು ಆರು ತಿಂಗಳಾಗಿತ್ತು.
ನೋವು ಎಲ್ಲಿ ಎಂದರೆ
ಬೆರಳಿಲ್ಲದ ಜಾಗ ತೋರಿಸಿದ.
ಆ ಜಾಗವನ್ನೂ ಫಿಲ್ಮಿಗೆ ಹಿಡಿದೆ,
ಡಾಕ್ಟರು ಬೈದರು, ಫಿಲ್ಮು ದಂಡ ಎಂದು.

ಇವತ್ತು ನಾಣ್ಯಕ್ಕೆ ಲಕೋಟೆ ಮಾಡಿದೆ.
ತೂಕ ಬರೆದೆ, ಊರು ಬರೆದೆ, ಒಂಬತ್ತು ಡಾಲರ್ ಎಂದು ಬರೆದೆ.
ಬಗೆಯ ಸಂಖ್ಯೆಯ ಮುಂದೆ ಪೆನ್ಸಿಲು ನಿಂತಿತು.
ಕೊನೆಗೆ ಗೊತ್ತಿದ್ದಷ್ಟು ಬರೆದೆ:
ಮೊಳೆಯಿಂದ ಕೊರೆದದ್ದು, ಮುಖದ ಕಡೆಯಿಂದ, ಎರಡು ಏಟು.
ಮೊದಲನೆಯದು ಜಾರಿ ಗಲ್ಲಕ್ಕೆ ಗೀರಿದೆ.
ಕೊರೆದವರಿಗೆ ಅಭ್ಯಾಸವಿರಲಿಲ್ಲ, ಅವಸರವಿತ್ತು.
ದಾರ ಕಟ್ಟಿ ಯಾರದೋ ಕೊರಳಿಗೆ ಹಾಕಿದ್ದರು,
ಹಲ್ಲು ಬರುವ ಮಗುವಿರಬೇಕು,
ಯಾಕೆಂದರೆ ಉಳಿದೆಲ್ಲ ಕಡೆ ತಾಮ್ರ ಒರಟು,
ತೂತಿನ ಅಂಚು ಮಾತ್ರ
ಚೀಪಿ ಚೀಪಿ ನಯವಾಗಿದೆ.